ಬೆಳಕಿನ ಕತ್ತಿ ಹಿಡಿದವನಿಗೆ ಅಮ್ಮನ ನೆನಪು ಬರಬಾರದೇ?

ನೇಮಕಾತಿಯ ಅಧಿಸೂಚನೆ ಹೊರಬಿದ್ದ ಮರುದಿನ ಗೆಳೆಯರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳನ್ನು ಒಮ್ಮೆ ನೋಡಿ. ಪಿಎಸ್‌ಐ, ಕೆಎಎಸ್, ಬ್ಯಾಂಕ್, ಅಗ್ನಿವೀರ್ ಎಂದು ಓದಲು ಕೂತವರಲ್ಲಿ ಒಬ್ಬರಾದರೂ ‘ಮಾಂಕ್ ಮೋಡ್ ಆನ್’ ಎಂದು ಹಾಕಿಕೊಂಡಿರುತ್ತಾರೆ. ಮುಸುಕು ಹೊದ್ದ ಯೋಧನ ಚಿತ್ರ, ಕೈಯಲ್ಲಿ ಹೊಳೆಯುವ ಕತ್ತಿ, ಕೆಳಗೆ ‘ನೋ ಫೀಲಿಂಗ್ಸ್’ ಎಂಬ ಸಾಲು. ಗೆಳೆತನ ಬೇಡ, ಹಬ್ಬಕ್ಕೆ ಊರು ಬೇಡ, ಮನೆಯಿಂದ ಬರುವ ಫೋನ್ ಕೂಡ ಬೇಡ. ಮನಸ್ಸಿನ ಬಾಗಿಲಿಗೆ ಅಗಳಿ ಹಾಕಿದರೆ ಗೆಲುವು ಖಚಿತ ಎಂಬ ನಂಬಿಕೆ.

ಅರ್ಧ ಸನ್ಯಾಸಿ, ಅರ್ಧ ಯೋಧ ಆಗಬೇಕೆಂಬ ಈ ಆಸೆಗೆ ಸಿನಿಮಾದಲ್ಲಿ ಒಂದು ದೊಡ್ಡ ಮಾದರಿ ಇದೆ. ‘ಸ್ಟಾರ್ ವಾರ್ಸ್’ ಸರಣಿಯ ಜೆಡೈಗಳು. ಬೆಳಕಿನ ಕತ್ತಿ ಹಿಡಿದು ಗ್ರಹದಿಂದ ಗ್ರಹಕ್ಕೆ ಹೋಗಿ ನ್ಯಾಯ ಕಾಯುವವರು. ಮದುವೆ ಇಲ್ಲ, ಮನೆ ಇಲ್ಲ, ಯಾರ ಮೇಲೂ ಮೋಹ ಇರಬಾರದು. ಆದರೆ ಸ್ಟೇಟಸ್ ಹಾಕಿಕೊಳ್ಳುವ ನಾವು ಒಂದು ವಿಷಯ ಮರೆಯುತ್ತೇವೆ. ಆ ಮಾದರಿ ಸಿನಿಮಾದಲ್ಲೇ ಸೋತುಹೋಗಿದೆ. ಸೋತದ್ದು ಕತ್ತಿ ಮೊಂಡಾಗಿ ಅಲ್ಲ. ಅವರಲ್ಲೊಬ್ಬ ತನ್ನ ಭಯವನ್ನು ಹೇಳಿಕೊಳ್ಳಲು ಜಾಗವಿಲ್ಲದೆ ಶತ್ರುವಿನ ಬಳಿಗೆ ಹೋದದ್ದರಿಂದ.

ಶತ್ರು ಬಂದದ್ದು ಯಾವ ಬಾಗಿಲಿನಿಂದ?

ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. 1999, 2002 ಮತ್ತು 2005ರಲ್ಲಿ ಬಂದ ಮೂರು ಚಿತ್ರಗಳಲ್ಲಿ ಅನಾಕಿನ್ ಎಂಬ ಹುಡುಗನ ಬದುಕು ಇದೆ. ಅವನು, ಅವನ ತಾಯಿ ಇಬ್ಬರೂ ಗುಲಾಮರು. ಅವನಲ್ಲಿರುವ ಅಸಾಧಾರಣ ಶಕ್ತಿಯನ್ನು ಕಂಡ ಜೆಡೈ ಒಬ್ಬರು ಹುಡುಗನನ್ನು ಬಿಡಿಸಿ ಕರೆದೊಯ್ಯುತ್ತಾರೆ. ತಾಯಿ ಗುಲಾಮಳಾಗಿಯೇ ಉಳಿಯುತ್ತಾಳೆ. ಜೆಡೈಗಳು ಸಾಮಾನ್ಯವಾಗಿ ತೀರಾ ಎಳೆಯ ಮಕ್ಕಳನ್ನೇ ತೆಗೆದುಕೊಳ್ಳುತ್ತಾರೆ, ತಾಯಿಯ ನೆನಪು ಗಟ್ಟಿಯಾಗುವ ಮೊದಲೇ. ಇವನಿಗೆ ಆಗಲೇ ಒಂಬತ್ತು ವರ್ಷ. ಹಿರಿಯರ ಸಭೆ ಅವನನ್ನು ಪರೀಕ್ಷಿಸುವಾಗ ಅವನ ಮನಸ್ಸು ತಾಯಿಯ ಬಳಿ ಇರುವುದನ್ನು ಗುರುತಿಸುತ್ತದೆ. ಗುರುತಿಸಿ ಮಾಡುವುದೇನು? ಭಯ ಅಪಾಯಕಾರಿ ಎಂಬ ಎಚ್ಚರಿಕೆ ಕೊಡುತ್ತದೆ, ಅಷ್ಟೆ.

ಹತ್ತು ವರ್ಷ ಕಳೆಯುತ್ತದೆ. ತಾಯಿ ನರಳುವ ಕನಸು ಅವನಿಗೆ ಮತ್ತೆ ಮತ್ತೆ ಬೀಳುತ್ತದೆ. ಕನಸುಗಳು ತಾವಾಗಿಯೇ ಹೋಗುತ್ತವೆ ಎಂಬ ಸಮಾಧಾನ ಗುರುವಿನದು. ಕೊನೆಗೆ ಅವನೇ ಹುಡುಕಿಕೊಂಡು ಹೋದಾಗ ತಾಯಿ ಅವನ ತೋಳಿನಲ್ಲೇ ಸಾಯುತ್ತಾಳೆ. ಆ ಸಿಟ್ಟಿನಲ್ಲಿ ಅವನು ಅವಳನ್ನು ಹಿಡಿದಿಟ್ಟಿದ್ದ ಇಡೀ ಬಿಡಾರವನ್ನು, ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದುಹಾಕುತ್ತಾನೆ. ಮುಂದೆ ಪದ್ಮೆ ಎಂಬವಳನ್ನು ಗುಟ್ಟಾಗಿ ಮದುವೆಯಾಗುತ್ತಾನೆ. ಈಗ ಅವಳು ಹೆರಿಗೆಯಲ್ಲಿ ಸಾಯುವ ಕನಸು ಶುರುವಾಗುತ್ತದೆ. ಹಿರಿಯ ಗುರು ಯೋಡಾನ ಬಳಿ ಹೋಗುತ್ತಾನೆ. ಆದರೆ ಯಾರ ಬಗ್ಗೆ ಕನಸು ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಮದುವೆಯ ಗುಟ್ಟು ಹೊರಬೀಳುತ್ತದೆ. ಏನನ್ನು ಕಳೆದುಕೊಳ್ಳಲು ಹೆದರುತ್ತೀಯೋ ಅದನ್ನೆಲ್ಲ ಬಿಟ್ಟುಕೊಡಲು ಕಲಿ ಎಂದು ಯೋಡಾ ಹೇಳಿ ಕಳಿಸುತ್ತಾನೆ.

ಅದೇ ಹೊತ್ತಿಗೆ ಅವನ ಮಾತನ್ನು ತಾಳ್ಮೆಯಿಂದ ಕೇಳುವವನು ಒಬ್ಬನೇ ಇರುತ್ತಾನೆ. ಚಾನ್ಸಲರ್ ಪಾಲ್ಪಟೀನ್, ಜೆಡೈಗಳ ನಿಜವಾದ ಶತ್ರು. ಅನಾಕಿನ್ ಅವನ ಕಡೆ ವಾಲುತ್ತಾನೆ, ಡಾರ್ತ್ ವೇಡರ್ ಆಗುತ್ತಾನೆ, ಸಾವಿರಾರು ವರ್ಷಗಳ ಜೆಡೈ ಪರಂಪರೆ ಒಂದೇ ರಾತ್ರಿಯಲ್ಲಿ ನೆಲಕಚ್ಚುತ್ತದೆ.

ಇಲ್ಲಿ ಅನಾಕಿನ್‌ನನ್ನು ಕೆಡವಿದ್ದು ಪ್ರೀತಿಯೇ? ನನಗೆ ಹಾಗನ್ನಿಸುವುದಿಲ್ಲ. ಮದುವೆಯಾದ ಯೋಧರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವನನ್ನು ಕೆಡವಿದ್ದು ಗುಟ್ಟು. ಅವನ ಭಯ ಗುರುಗಳಿಗೆ ಗೊತ್ತಿರಲಿಲ್ಲ, ಶತ್ರುವಿಗೆ ಗೊತ್ತಿತ್ತು. ಕಾವಲಿಲ್ಲದ ಬಾಗಿಲು ಯಾವುದೆಂದು ಮನೆಯವರಿಗೇ ತಿಳಿಯದಿದ್ದಾಗ ಕಳ್ಳನಿಗೆ ಕೆಲಸ ಸುಲಭ.

ಅಭಿಮಾನಿಗಳು ತಕ್ಷಣ ಒಂದು ಮಾತು ಎತ್ತುತ್ತಾರೆ. ಜೆಡೈಗಳು ಪ್ರೀತಿಸಬೇಡ ಎಂದಿಲ್ಲ, ಅಂಟಿಕೊಳ್ಳಬೇಡ ಎಂದರು. ಕರುಣೆಗೂ ಮೋಹಕ್ಕೂ ವ್ಯತ್ಯಾಸವಿದೆ. ಅನಾಕಿನ್ ಹೆಂಡತಿಯನ್ನು ಪ್ರೀತಿಸಲಿಲ್ಲ, ಅವಳು ತನ್ನ ಸ್ವತ್ತೆಂದುಕೊಂಡ. ಈ ಮಾತಿನಲ್ಲಿ ನ್ಯಾಯವಿದೆ. ತತ್ವವಾಗಿ ಅದು ಸರಿಯೇ. ಆದರೆ ತತ್ವ ಇರುವುದು ಪುಸ್ತಕದಲ್ಲಿ, ಒಂಬತ್ತು ವರ್ಷದ ಹುಡುಗ ಇರುವುದು ಹಾಸ್ಟೆಲಿನಲ್ಲಿ. ಹತ್ತು ವರ್ಷದಲ್ಲಿ ಒಬ್ಬ ಗುರುವಾದರೂ ಅವನ ತಾಯಿಯನ್ನು ಬಿಡಿಸಿ ತರೋಣ ಎನ್ನಲಿಲ್ಲ. ಕರುಣೆಯನ್ನು ಉಪದೇಶಿಸಿದ ಸಂಸ್ಥೆ ತನ್ನದೇ ವಿದ್ಯಾರ್ಥಿಗೆ ಅದನ್ನು ತೋರಿಸಲಿಲ್ಲ. ಅಂಟಿಕೊಳ್ಳದಿರುವುದನ್ನು ಕಲಿಸುವುದು ಬೇರೆ, ಅಂಟು ಇದೆ ಎಂದು ಹೇಳಿಕೊಳ್ಳುವುದನ್ನೇ ತಪ್ಪು ಮಾಡುವುದು ಬೇರೆ.

ಕೋವಿಯೂ ಅಳುವ ನಾಡು

ಸಿನಿಮಾ ಬಿಡಿ, ನಿಜವಾದ ಯೋಧರ ಕಡೆ ಬರೋಣ. ಅದಕ್ಕೆ ಕೊಡಗಿನವರು ದೂರ ಹೋಗಬೇಕಿಲ್ಲ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪ ನಮ್ಮವರು, ಜನರಲ್ ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ. ಇಲ್ಲಿ ಯೋಧರನ್ನು ಬೆಳೆಸಿದ ಬಗೆ ಜೆಡೈಗಳದ್ದಕ್ಕೆ ನೇರ ವಿರುದ್ಧ. ಜೆಡೈ ಆಗಬೇಕಾದರೆ ಮನೆಯನ್ನೇ ಬಿಡಬೇಕು. ಕೊಡವ ಯೋಧ ತನ್ನ ಒಕ್ಕದ ಹೆಸರನ್ನು ಮುಂದಿಟ್ಟುಕೊಂಡೇ ಯುದ್ಧಕ್ಕೆ ಹೋಗುತ್ತಾನೆ. ಐನ್‌ಮನೆ, ಗುರು ಕಾರೋಣ, ಹಿರಿಯರ ಕಾಲಿಗೆ ಬೀಳುವುದು ಇವೆಲ್ಲ ಅವನ ಜೊತೆಗೇ ಹೋಗುತ್ತವೆ.

ಕೋವಿಯನ್ನೇ ನೋಡಿ. ಕೈಲ್ ಮುಹೂರ್ತದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕಡಂಬಿಟ್ಟು ತಿನ್ನುತ್ತಾರೆ. ಸಂಪ್ರದಾಯದ ಪ್ರಕಾರ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಅಂದರೆ ಯೋಧನ ಆಯುಧವೇ ಊರಿಗೆ ಅವನ ಸಂತೋಷವನ್ನೂ ದುಃಖವನ್ನೂ ಕೂಗಿ ಹೇಳುತ್ತದೆ. ಆ ಸದ್ದು ಕೇಳಿದರೆ ನೆರೆಯವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ. ದುಃಖ ಮುಚ್ಚಿಡುವ ವಸ್ತುವಲ್ಲ, ಹಂಚಿಕೊಳ್ಳುವ ವಸ್ತು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ನಮ್ಮ ಪಕ್ಕದ ಮನೆಯ ನಿವೃತ್ತ ಹವಾಲ್ದಾರ್ ಮಾವನನ್ನು ಒಮ್ಮೆ ಕೇಳಿದ್ದೆ, ಗಡಿಯಲ್ಲಿ ಮನೆ ನೆನಪಾದರೆ ಏನು ಮಾಡುತ್ತಿದ್ದಿರಿ ಎಂದು. ಅವರು ನಕ್ಕರು. “ಕಾಗದ ಬಂದರೆ ಒಬ್ಬನೇ ಓದುವ ಹಾಗಿರಲಿಲ್ಲ ಮಗಾ, ಬ್ಯಾರಕ್ಕಿಗೆಲ್ಲ ಓದಿ ಹೇಳಬೇಕಿತ್ತು. ಯಾರ ಮನೆ ದನ ಕರು ಹಾಕಿತು ಅಂತ ನಮಗೆಲ್ಲ ಗೊತ್ತಿತ್ತು. ಕಾಗದ ಬಂದರೂ ಓದದೆ ಜೇಬಿಗೆ ಹಾಕಿಕೊಳ್ಳುವವನ ಮೇಲೆ ನಮ್ಮ ಸುಬೇದಾರ್ ಸಾಹೇಬರಿಗೆ ಒಂದು ಕಣ್ಣು ಇರುತ್ತಿತ್ತು.” ಜೆಡೈ ಸಭೆಯಲ್ಲಿ ಅಂಥ ಒಬ್ಬ ಸುಬೇದಾರ್ ಸಾಹೇಬರು ಇದ್ದಿದ್ದರೆ!

ಕಾರ್ಯಪ್ಪನವರ ಮಗ

ಹಾಗಾದರೆ ಯೋಧನಿಗೆ ಸಂಯಮ ಬೇಡವೇ? ಬೇಕು. ಅದಕ್ಕೆ 1965ರ ಕಥೆಯೇ ಸಾಕು. ಆ ವರ್ಷದ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನ ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲುವ ಹೊತ್ತಿನಲ್ಲಿ, ಹೊಡೆತಕ್ಕೆ ಸಿಕ್ಕಿ ಬಿತ್ತು. ಅವರು ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಗೌರವದಿಂದ ಮಗನನ್ನು ಬಿಟ್ಟುಕೊಡುವ ಮಾತು ಬಂತು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಎಂಬುದು ಅವರ ಉತ್ತರದ ಸಾರ. ಮಗ ಬಿಡುಗಡೆಯಾದದ್ದು 1966ರ ಜನವರಿಯಲ್ಲಿ. ಮುಂದೆ ಅವರು ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಈ ಘಟನೆಯನ್ನು ನಾವು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ, ಹೆಚ್ಚಿನ ಭಾಷಣಕಾರರು ಇದನ್ನು ‘ಕಲ್ಲೆದೆ’ಯ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಇದು ಕಲ್ಲೆದೆಯಾಗಿ ಕಾಣುವುದೇ ಇಲ್ಲ. ಕಲ್ಲೆದೆಯವರಾಗಿದ್ದರೆ ‘ನನಗೆ ಮಗನೇ ಇಲ್ಲ’ ಎನ್ನುತ್ತಿದ್ದರು. ಕಾರ್ಯಪ್ಪ ಹೇಳಿದ್ದು ‘ಎಲ್ಲರೂ ಮಕ್ಕಳು’ ಎಂದು. ಒಬ್ಬ ಮಗನ ಮೇಲಿನ ಮಮತೆ ಎಂಥದ್ದೆಂದು ಗೊತ್ತಿದ್ದವರು ಮಾತ್ರ ಅದೇ ಮಮತೆಯನ್ನು ಮಿಕ್ಕ ಸೈನಿಕರಿಗೂ ಅಳೆದು ಕೊಡಬಲ್ಲರು. ಅವರು ಮೋಹವನ್ನು ಕತ್ತರಿಸಲಿಲ್ಲ, ಅಗಲ ಮಾಡಿದರು.

ಕುಶಾಲನಗರದಿಂದ ಸ್ವಲ್ಪ ಆಚೆ, ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನಿಜವಾದ ಸನ್ಯಾಸಿಗಳೇ ಇದ್ದಾರೆ. ನಾವು ಗೋಲ್ಡನ್ ಟೆಂಪಲ್ ಎಂದು ಕರೆಯುವ ನಾಮ್‌ಡ್ರೋಲಿಂಗ್ ಮಠಕ್ಕೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತೇವೆ, ಅಲ್ಲಿ ಏನು ಕಲಿಸುತ್ತಾರೆಂದು ಕೇಳುವುದಿಲ್ಲ. ಟಿಬೆಟಿನ ಬೌದ್ಧ ಪರಂಪರೆಯಲ್ಲಿ ಕರುಣೆಯ ಅಭ್ಯಾಸ ಶುರುವಾಗುವ ಒಂದು ಪ್ರಸಿದ್ಧ ಬಗೆ ಇದು: ಮೊದಲು ಹೆತ್ತ ತಾಯಿಯನ್ನು ನೆನೆಯಬೇಕು. ಅವಳು ಹೊತ್ತದ್ದು, ಉಣಿಸಿದ್ದು, ನಿದ್ದೆಗೆಟ್ಟದ್ದು ಎಲ್ಲವನ್ನೂ. ಆಮೇಲೆ, ಎಣಿಸಲಾಗದ ಜನ್ಮಗಳಲ್ಲಿ ಪ್ರತಿಯೊಂದು ಜೀವಿಯೂ ಒಮ್ಮೆ ನನ್ನ ತಾಯಿಯಾಗಿತ್ತು ಎಂದು ಭಾವಿಸಬೇಕು. ಜೆಡೈ ಮಠ ತಾಯಿಯನ್ನು ಮರೆಸಿ ಸನ್ಯಾಸಿಯನ್ನು ಮಾಡಲು ಹೊರಟಿತು. ಇಲ್ಲಿನ ದಾರಿ ತಾಯಿಯ ನೆನಪಿನಿಂದಲೇ ಹೊರಡುತ್ತದೆ. ಬೈಲಕುಪ್ಪೆಯೂ ಕಾರ್ಯಪ್ಪನವರೂ ಈ ಒಂದು ವಿಷಯದಲ್ಲಿ ಒಂದೇ ಪಾಠ ಹೇಳುತ್ತಾರೆ.

ಮಂಗನನ್ನು ನೆನೆಯಬೇಡ!

ಅದುಮಿದರೆ ಆಗುವುದೇನು ಎಂಬುದನ್ನು ಮನಃಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂಬ ನಮ್ಮ ಹಳೆಯ ಕಥೆಯನ್ನೇ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಯೋಗ ಮಾಡಿದರು, ಮಂಗನ ಬದಲು ಬಿಳಿ ಕರಡಿ. ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲು ಅದುಮಿಟ್ಟವರಿಗೆ ಕರಡಿ ಇನ್ನೂ ಹೆಚ್ಚು ಕಾಡಿತು.

ಓದುವವರು ಗಮನಿಸಬೇಕಾದ ಇನ್ನೊಂದು ಪ್ರಯೋಗವಿದೆ. 2000ದಲ್ಲಿ ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸು ಕಲಕುವ ದೃಶ್ಯ ನೋಡುವಾಗ ಮುಖದಲ್ಲಿ ಏನೂ ತೋರಿಸದಂತೆ ಬಿಗಿಹಿಡಿದವರಿಗೆ ಆಗ ಕೇಳಿದ, ಕಂಡ ವಿವರಗಳು ಸರಿಯಾಗಿ ನೆನಪುಳಿಯಲಿಲ್ಲ. ಅದುಮುವುದೂ ಒಂದು ಕೆಲಸ, ಅದಕ್ಕೂ ಮಿದುಳಿನ ಶಕ್ತಿ ಖರ್ಚಾಗುತ್ತದೆ. ‘ನೋ ಫೀಲಿಂಗ್ಸ್’ ಎಂದುಕೊಂಡು ಪುಸ್ತಕ ತೆರೆದವರ ಓದಿನ ಖಾತೆಯಿಂದಲೇ ಆ ಖರ್ಚು ಹೋಗುತ್ತದೆ.

ಯೋಧರ ಮೇಲೆಯೇ ನಡೆದ ಕೆಲಸವೂ ಇದೆ. ಮೊದಲ ಮಹಾಯುದ್ಧದಲ್ಲಿ ಮನಸ್ಸು ಕಂಗೆಟ್ಟ ಬ್ರಿಟಿಷ್ ಅಧಿಕಾರಿಗಳನ್ನು ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳಿಸುತ್ತಿದ್ದರು. ಅಲ್ಲಿದ್ದ ವೈದ್ಯರು ಡಬ್ಲ್ಯು.ಎಚ್.ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ನಡುವೆ ಅಧ್ಯಯನ ಮಾಡಿ 1906ರಲ್ಲಿ ದೊಡ್ಡ ಪುಸ್ತಕ ಬರೆದ ಅದೇ ರಿವರ್ಸ್. ಈ ಅಧಿಕಾರಿಗಳಿಗೆ ಎಲ್ಲರೂ ಹೇಳಿದ್ದ ಮದ್ದು ಒಂದೇ: ಯುದ್ಧವನ್ನು ಮರೆತುಬಿಡಿ, ಅದರ ಬಗ್ಗೆ ಯೋಚಿಸಬೇಡಿ. ಅವರು ಹಗಲೆಲ್ಲ ಹಾಗೆಯೇ ಮಾಡುತ್ತಿದ್ದರು, ರಾತ್ರಿ ಕಿರುಚುತ್ತ ಏಳುತ್ತಿದ್ದರು. ಸ್ಫೋಟದಲ್ಲಿ ಛಿದ್ರವಾದ ಗೆಳೆಯನ ದೇಹವನ್ನು ಕಂಡಿದ್ದ ಒಬ್ಬ ಅಧಿಕಾರಿಗೆ ಆ ದೃಶ್ಯ ಪ್ರತಿ ರಾತ್ರಿ ಕನಸಾಗಿ ಬರುತ್ತಿತ್ತು. ರಿವರ್ಸ್ ಮರೆಯಲು ಹೇಳಲಿಲ್ಲ. ಅದನ್ನು ಎದುರಿಗಿಟ್ಟುಕೊಂಡು ಯೋಚಿಸಲು ಹೇಳಿದರು. ಗೆಳೆಯ ಆ ಕ್ಷಣದಲ್ಲೇ ತೀರಿಕೊಂಡಿದ್ದ, ನರಳಲಿಲ್ಲ ಎಂಬುದನ್ನೂ ನೋಡಲು ಹೇಳಿದರು. ಮುಂದೆ ಅವನ ಕನಸಿನಲ್ಲಿ ಭೀತಿ ಹೋಗಿ ದುಃಖವಷ್ಟೇ ಉಳಿಯಿತು, ಆ ದುಃಖದ ಜೊತೆ ಬದುಕುವುದು ಅವನಿಗೆ ಸಾಧ್ಯವಾಯಿತು. ಈ ಅನುಭವಗಳನ್ನು ರಿವರ್ಸ್ 1918ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅನಾಕಿನ್‌ನ ಕನಸುಗಳಿಗೆ ಬೇಕಾಗಿದ್ದದ್ದು ಇಂಥ ಒಬ್ಬ ವೈದ್ಯ.

ಹಿಡಿತ ಬೇರೆ, ಅದುಮುವುದು ಬೇರೆ

ನನ್ನ ವಾದದ ವಿರುದ್ಧ ಕೊಡಗಿನ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದು ರಾಜ್ಯ ಮರಳಿ ಗಳಿಸಿದ ದೊಡ್ಡವೀರರಾಜೇಂದ್ರನಂಥ ಯೋಧ ಕಡಿಮೆ. ಆದರೆ ಪ್ರೀತಿಯ ರಾಣಿ ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡ ಮೇಲೆ ಅವನು ಕುಸಿದ. ಅನುಮಾನ, ಸಿಟ್ಟು ಹೆಚ್ಚಿ ಹತ್ತಿರದವರನ್ನೇ ಕೊಲ್ಲಿಸಿದ, 1809ರಲ್ಲಿ ತಾನೂ ಹೋದ. ಮೋಹ ಯೋಧನನ್ನು ಕೆಡಿಸುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಆದರೆ ಇದು ದುಃಖ ಪಟ್ಟದ್ದರ ಫಲವೇ, ಅಥವಾ ದುಃಖ ಹೇಳಿಕೊಳ್ಳಲು ಸಮಾನರಾದ ಒಬ್ಬರೂ ಇಲ್ಲದ್ದರ ಫಲವೇ? ಎಲ್ಲರೂ ಹೆದರುವ ದೊರೆಯ ಹೆಗಲ ಮೇಲೆ ಕೈಯಿಡುವವರು ಯಾರು? ಮೋಹಕ್ಕೆ ಅಪಾಯ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಂಟಿತನದಲ್ಲಿ ಆ ಅಪಾಯ ಹತ್ತು ಪಟ್ಟಾಗುತ್ತದೆ ಎನ್ನುತ್ತಿದ್ದೇನೆ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ನಾವು ಕಲಸಿಬಿಡುತ್ತೇವೆ. ಒಂದು, ಹಿಡಿತ. ಗುಂಡು ಹಾರುವಾಗ, ಪರೀಕ್ಷೆ ಬರೆಯುವಾಗ, ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಭಾವನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುವುದು. ಅದು ಕಲಿಯಲೇಬೇಕಾದ ವಿದ್ಯೆ. ಇನ್ನೊಂದು, ಅದುಮುವುದು. ಪಕ್ಕಕ್ಕಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳದೆ, ಅದು ಇಲ್ಲವೇ ಇಲ್ಲ ಎಂದು ನಟಿಸುವುದು. 1983ರ ‘ರಿಟರ್ನ್ ಆಫ್ ದಿ ಜೆಡೈ’ ಚಿತ್ರದ ಕೊನೆಯಲ್ಲಿ ಅನಾಕಿನ್‌ನ ಮಗ ಲ್ಯೂಕ್‌ಗೆ ಈ ವ್ಯತ್ಯಾಸ ಹೊಳೆಯುತ್ತದೆ. ತಂಗಿಯ ಹೆಸರೆತ್ತಿ ಕೆಣಕಿದಾಗ ಅವನೂ ರೊಚ್ಚಿಗೆದ್ದು ತಂದೆಯ ಕೈ ಕಡಿಯುತ್ತಾನೆ. ಆದರೆ ಮರುಕ್ಷಣ ನಿಲ್ಲುತ್ತಾನೆ, ಕತ್ತಿ ಎಸೆಯುತ್ತಾನೆ. ಅದು ಹಿಡಿತ. ತಂದೆಯ ಮೇಲಿನ ಪ್ರೀತಿಯನ್ನು ಮಾತ್ರ ಅವನು ಬಿಡುವುದಿಲ್ಲ. ಗುರುಗಳು ಬಿಡು ಎಂದ ಆ ಮೋಹವೇ ಕೊನೆಗೆ ಡಾರ್ತ್ ವೇಡರ್‌ನನ್ನು ಮತ್ತೆ ಮನುಷ್ಯನನ್ನಾಗಿ ಮಾಡುತ್ತದೆ.

ಕನ್ನಡದ ಓದುಗರಿಗೆ ಇದು ಹೊಸ ಕಥೆಯಲ್ಲ. ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟುಹೋದ ಬಾಹುಬಲಿ ನಮ್ಮ ಯೋಧ-ಸನ್ಯಾಸಿ. ಬಳ್ಳಿ ಹಬ್ಬಿ ಹುತ್ತ ಬೆಳೆಯುವವರೆಗೆ ನಿಂತರೂ ಅವನಿಗೆ ಕೇವಲಜ್ಞಾನ ದಕ್ಕಲಿಲ್ಲ, ಏಕೆಂದರೆ ಅಣ್ಣನ ಕುರಿತ ಒಂದು ಅಳುಕು ಎದೆಯಲ್ಲಿ ಉಳಿದಿತ್ತು. ಅದು ಕರಗಿದ್ದು ಇನ್ನಷ್ಟು ಕಠಿಣ ತಪಸ್ಸಿನಿಂದಲ್ಲ, ಭರತನೇ ಬಂದು ಎದುರು ನಿಂತು ನಮಿಸಿದಾಗ.

ನಮ್ಮ ಪಾಲಿಗೆ ಇದೆಲ್ಲ ಏಕೆ?

ಏಕೆಂದರೆ ನಮ್ಮಲ್ಲಿ ಅನೇಕರು ಈಗ ಒಂದು ಸಣ್ಣ ಜೆಡೈ ಮಠದಲ್ಲಿದ್ದೇವೆ. ಪೊನ್ನಂಪೇಟೆ, ಸೋಮವಾರಪೇಟೆ, ನಾಪೋಕ್ಲುಗಳಿಂದ ಬೆಂಗಳೂರು, ಮೈಸೂರಿನ ಪೀಜಿಗಳಿಗೆ ಬಂದಿದ್ದೇವೆ. ನಾನು ಕೆಲವು ತಿಂಗಳು ಹೋಗಿದ್ದ ತರಬೇತಿ ಕೇಂದ್ರದಲ್ಲಿ ಗೋಡೆಯ ಮೇಲೆಯೇ ಬರೆದಿತ್ತು, ಭಾವನೆಗಳನ್ನು ಚಪ್ಪಲಿಯ ಜೊತೆ ಹೊರಗೆ ಬಿಡಿ ಎಂದು. ಅಲ್ಲಿ ಎರಡನೇ ಬಾರಿ ಫೇಲಾದ ಹುಡುಗಿಯೊಬ್ಬಳು ಮೂರು ವಾರ ಯಾರೊಡನೆಯೂ ಮಾತಾಡಲಿಲ್ಲ. ಎಲ್ಲರೂ ‘ಎಷ್ಟು ಫೋಕಸ್’ ಎಂದು ಮೆಚ್ಚಿಕೊಂಡರು. ಒಂದು ದಿನ ಅವಳ ಚಿಕ್ಕಮ್ಮ ಬಂದು ಸಾಮಾನು ಕಟ್ಟಿಕೊಂಡು ಕರೆದೊಯ್ದರು. ಮೌನವನ್ನು ಏಕಾಗ್ರತೆ ಎಂದು ಓದುವ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ಆ ಖಾಲಿ ಕುರ್ಚಿ ನೋಡಿದಾಗಲೆಲ್ಲ ಅನ್ನಿಸುತ್ತಿತ್ತು.

ಹೇಳಿಕೊಳ್ಳಲು ಜಾಗವಿಲ್ಲದವರ ಬಳಿಗೆ ಪಾಲ್ಪಟೀನ್‌ಗಳು ಬರುತ್ತಾರೆ. ನಮ್ಮ ಕಾಲದಲ್ಲಿ ಅವರು ಚಾನ್ಸಲರ್ ವೇಷದಲ್ಲಿ ಬರುವುದಿಲ್ಲ. ಆನ್‌ಲೈನ್ ಬೆಟ್ಟಿಂಗ್ ಆ್ಯಪ್ ಆಗಿ, ಕೆಲಸ ಕೊಡಿಸುತ್ತೇನೆಂದು ಹಣ ಕೇಳುವ ದಲ್ಲಾಳಿಯಾಗಿ, ‘ನಿನ್ನ ನೋವಿಗೆ ಅವರೇ ಕಾರಣ’ ಎಂದು ಯಾರದೋ ಮೇಲೆ ದ್ವೇಷ ತುಂಬುವ ಗುಂಪಾಗಿ ಬರುತ್ತಾರೆ. ಅವರೆಲ್ಲರಿಗೂ ಒಂದು ಕಲೆ ಗೊತ್ತು: ಕೇಳಿಸಿಕೊಳ್ಳುವುದು. ಆ ಕೆಲಸವನ್ನು ನಮ್ಮವರು ಮೊದಲು ಮಾಡಿದರೆ ಅವರಿಗೆ ಜಾಗವಿರುವುದಿಲ್ಲ.

ಆದ್ದರಿಂದ ಮಾಂಕ್ ಮೋಡ್ ಬೇಕೆನ್ನುವವರು ಹಾಕಿಕೊಳ್ಳಲಿ. ರೀಲ್ಸ್ ಬಿಡಿ, ಬೆಳಿಗ್ಗೆ ಐದಕ್ಕೆ ಏಳಿ, ವೇಳಾಪಟ್ಟಿ ಮಾಡಿಕೊಳ್ಳಿ. ಆದರೆ ದಿನಕ್ಕೆ ಹತ್ತು ನಿಮಿಷ ಮನೆಯವರೊಡನೆಯೋ ಗೆಳೆಯರೊಡನೆಯೋ ನಿಜ ಮಾತಾಡುವುದನ್ನೂ ಅದೇ ವೇಳಾಪಟ್ಟಿಯಲ್ಲಿ ಬರೆದುಕೊಳ್ಳಿ. ‘ಚೆನ್ನಾಗಿದ್ದೇನೆ’ ಎಂಬ ಒಂದೇ ಪದದ ಉತ್ತರ ಬೇಡ. ಪಕ್ಕದ ರೂಮಿನವನು ಕಾಗದವನ್ನು ಜೇಬಿಗೆ ಹಾಕಿಕೊಳ್ಳುವವನಾದರೆ ಅವನ ಮೇಲೆ ಒಂದು ಕಣ್ಣಿಡಿ. ಪರಿಚಯದವರಿಗೆ ಹೇಳಲಾಗದ ಮಾತಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಅಗಸ್ತ್ಯರಂಥ ಮಹರ್ಷಿಗೂ ಕಾವೇರಿಯನ್ನು ಕಮಂಡಲದಲ್ಲಿ ಮುಚ್ಚಿಡಲು ಆಗಲಿಲ್ಲವೆಂದು ತಲಕಾವೇರಿಯ ಕಥೆ ಹೇಳುತ್ತದೆ. ಅವಳು ಹರಿದುಹೋದದ್ದರಿಂದ ಒಂದು ನಾಡಿಗೆ ನೀರು ಸಿಕ್ಕಿತು. ಹಾಗಾಗಿ ಹರಿಯುವುದು ಹರಿಯಲಿ. ಪರೀಕ್ಷೆಯ ಹಾಲ್‌ನಲ್ಲಿ ಮೂರು ಗಂಟೆ ಮನಸ್ಸನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಬೇಕೆಂದರೆ, ಹೊರಗೆ ಬಂದ ಮೇಲೆ ಅದನ್ನು ಬಿಚ್ಚಿಡಲು ನಮಗೊಬ್ಬರು ಇರಬೇಕು, ನಾವೂ ಇನ್ನೊಬ್ಬರಿಗೆ ಹಾಗಿರಬೇಕು.